ಎರಡನೇ ಪಂಪಿಗಾಗಿ ಹೂಡಿದ ಒಲೆ

ಬಾಪಾ,

ನಿಮ್ಮ ಕಿರಿಯ ಸೊಸೆ ಲಾಭು ಉಪ್ಪಿನ ಬಯಲಿನಿಂದ, ತಲೆ ತುಂಬ ಸೆರಗು ಹೊದ್ದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಅಕ್ಷರದ ವಿಷಯ ಹೇಳಿಬಿಡುತ್ತೇನೆ. ನನ್ನ ಕೈಬರಹ ಕೋಳಿ ಕೆದರಿದ ಹಾಗಿದೆ. ಐದನೇ ತರಗತಿ ಆದ ಮೇಲೆ ಶಾಲೆಯ ಕಡೆ ಹೋಗಲಿಲ್ಲ. ಎಲ್ಲಿ ದೀರ್ಘ ಎಳೆಯಬೇಕು, ಎಲ್ಲಿ ಜೋಡಕ್ಷರ ಬರುತ್ತದೆ ಎಂಬುದೆಲ್ಲ ಈಗಲೂ ನನಗೆ ಅಂದಾಜಿನ ಮೇಲೆಯೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಷರ ಇಷ್ಟು ದಪ್ಪಗೆ ಬರೆದದ್ದು ಮಾತ್ರ ಬೇಕೆಂದೇ. ಬಿಸಿಲಿಗೆ ನಿಮ್ಮ ಕಣ್ಣು ಉರಿಯುತ್ತಿದೆ, ಡಾಕ್ಟರು ಕಪ್ಪು ಕನ್ನಡಕ ಕೊಟ್ಟಿದ್ದಾರೆ ಎಂದು ಭಾವ ಹೇಳಿದರು. ನಿಧಾನವಾಗಿ ಓದಿ. ಬೇರೆ ಯಾರ ಕೈಯಲ್ಲೂ ಓದಿಸಬೇಡಿ. ಇದರಲ್ಲಿರುವುದು ನಿಮಗೂ ನನಗೂ ಮಾತ್ರ ಗೊತ್ತಿರುವ ವಿಷಯ.

ಸೊಸೆ ಮಾವನಿಗೆ ಕಾಗದ ಬರೆಯುವುದು ನಮ್ಮಲ್ಲಿ ಎಲ್ಲಿಯೂ ಇಲ್ಲ ಎಂಬುದು ನನಗೆ ಗೊತ್ತು. ಈ ಮನೆಗೆ ಬಂದ ದಿನದಿಂದ ನನ್ನ ಮುಖವನ್ನು ನೀವು ನೋಡಿಲ್ಲ, ದನಿ ಕೇಳಿಲ್ಲ. ಹಾಗಿರುವಾಗ ಹೀಗೆ ನೇರವಾಗಿ 'ನೀವು' ಎಂದು ಬರೆಯುವುದು ಎಷ್ಟು ನಾಚಿಕೆಗೇಡೋ. ಆದರೆ ಅದಕ್ಕಿಂತ ದೊಡ್ಡ ನಾಚಿಕೆ ಒಳಗೆ ಕೂತಿದೆ. ಅದಕ್ಕೆ ಇದು ಚಿಕ್ಕದು ಅನ್ನಿಸಿತು.

ನಿಜ ಹೇಳಬೇಕೆಂದರೆ ನಾನು ಬರೆಯಲು ಕೂತದ್ದು ಈ ಕಾಗದವನ್ನಲ್ಲ. ಮಹಿಳಾ ಸಂಘದ ಜಸುಬೆನ್ ಹೋದ ವಾರ ಬಂದಿದ್ದರು. ನಾನು ಆಗಾಗ ಏನೇನೋ ಗೀಚುತ್ತೇನೆ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಸಂಘ ಒಂದು ಪುಸ್ತಕ ತರುತ್ತದಂತೆ, ಸೋಲಾರ್ ಪಂಪು ಬಂದ ಮೇಲೆ ಉಪ್ಪಿನವರ ಮನೆಗಳಲ್ಲಿ ಏನು ಬದಲಾಯಿತು ಎಂದು. “ನಿನ್ನ ಮನೆಯದು ನೀನೇ ಬರಿ ಲಾಭು. ಡೀಸೆಲ್ಲಿನ ಕಾಟ ಹೋಯ್ತು, ಮನೆ ಸುಖವಾಗಿದೆ ಅಂತ ಎರಡು ಪುಟ ಸಾಕು,” ಎಂದರು. ನಾನು ಹಾಳೆ ತೆಗೆದುಕೊಂಡು 'ನಮ್ಮ ಮನೆ' ಎಂದು ಬರೆದೆ. ಆಮೇಲೆ ಕೈ ಮುಂದೆ ಹೋಗಲೇ ಇಲ್ಲ. ಯಾವ ಮನೆ ಎಂದು ಬರೆಯಲಿ? ಅದೇ ಹಾಳೆಯನ್ನು ತಿರುಗಿಸಿ ನಿಮಗೆ ಬರೆಯುತ್ತಿದ್ದೇನೆ.

ಬಾಪಾ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮನ್ನು ಕಂಡರೆ ನನಗೆ ಬಹಳ ಹೆದರಿಕೆಯಿತ್ತು. ಅತ್ತೆ ಆಗಲೇ ತೀರಿಕೊಂಡಿದ್ದರು. ಅವರು ಹೋದ ಮೇಲೆ ನೀವೇ ಭಾವನ ಹೆಂಡತಿ ಕಂಕು ಭಾಭಿಯ ಬಾಯಿಗೆ ಕಟ್ಟಿದ್ದ, ಮಾವನೊಡನೆ ಮಾತಾಡದ ಮರ್ಯಾದೆಯನ್ನು ಬಿಡಿಸಿದ್ದಿರಂತೆ. ಮುಸುಕು ಇರಲಿ, ಮಾತು ಇರಲಿ, ರೊಟ್ಟಿ ಬೇಕಾ ಎಂದು ಕೇಳುವುದಕ್ಕೆ ಮನೆಯಲ್ಲಿ ಒಬ್ಬಳಾದರೂ ಬೇಡವೇ ಎಂದು. ಹಾಗಾಗಿ ಹಿರಿಯ ಸೊಸೆ ಮಾತಾಡಬಹುದಿತ್ತು, ಕಿರಿಯವಳಾದ ನಾನು ಆಡುವಂತಿರಲಿಲ್ಲ. ನನಗೆ ಏನಾದರೂ ಹೇಳಬೇಕಾದರೆ ನೀವು ನೀರಿನ ಮಡಕೆಗೆ ಹೇಳುತ್ತಿದ್ದಿರಿ. “ಏ ಮಡಕೆ, ಒಳಗಿರೋಳಿಗೆ ಹೇಳು, ಚಟ್ನಿಗೆ ಇಷ್ಟು ಬೆಳ್ಳುಳ್ಳಿ ಹಾಕಿದ್ರೆ ಗುಡಿಸಲೇ ಹಾರಿ ಹೋಗುತ್ತೆ ಅಂತ.” ನಾನು ಭಾಭಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ. ಭಾಭಿ ಜೋರಾಗಿ, “ಮಡಕೆ ಹೇಳ್ತಿದೆ ಬಾಪಾ, ಖಾರ ಆದ್ರೆ ಬರೀ ರೊಟ್ಟಿ ತಿನ್ನಿ ಅಂತ,” ಎನ್ನುತ್ತಿದ್ದರು. ನೀವು ನಗುವಾಗ ಕೆಮ್ಮು ಬರುತ್ತಿತ್ತು. ನಾನು ಮುಸುಕಿನೊಳಗೆ ನಗುತ್ತಿದ್ದೆ. ಎಲ್ಲಿಂದಲೋ ಬಂದವಳಿಗೆ ಈ ಬರಡು ಬಯಲಿನಲ್ಲಿ ಒಂದು ಮನೆ ಇದೆ ಎಂದು ಅನ್ನಿಸಿದ್ದು ಆ ಕೆಮ್ಮು ಕೇಳಿಯೇ.

ಆಗ ನಿಮ್ಮ ಹೆಸರಿನಲ್ಲಿ ಮೊದಲ ಪಂಪು ಬಂದಿತ್ತು. ಬೆಲೆಯ ಬಹುಪಾಲು ಸರ್ಕಾರದ ಸಬ್ಸಿಡಿ. ಉಳಿದದ್ದಕ್ಕೆ ಸಂಘದ ಸಾಲ. ಡೀಸೆಲ್ಲಿಗೆ ಸುರಿಯುತ್ತಿದ್ದ ದುಡ್ಡಿನಲ್ಲೇ ಆ ಸಾಲದ ಕಂತು ತೀರುತ್ತಿತ್ತು. ಭಾವನ ಉಪ್ಪಿನ ಪಾತಿಗಳಿಗೆ ಬಿಸಿಲೇ ನೀರೆತ್ತುತ್ತಿತ್ತು. ನಮ್ಮ ಪಾತಿಗಳು ಆಚೆ ಬಾವಿಯ ಹತ್ತಿರ. ಅಲ್ಲಿಯವರೆಗೆ ಆ ಪಂಪಿನ ನೀರು ಬರುತ್ತಿರಲಿಲ್ಲ. ಅಲ್ಲಿ ಹಳೆಯ ಡೀಸೆಲ್ ಇಂಜಿನ್ನೇ ಗತಿ. ವ್ಯಾಪಾರಿ ಡೀಸೆಲ್ ಪೀಪಾಯಿಯನ್ನು ಮುಂಗಡವಾಗಿ ಇಳಿಸಿ ಹೋಗುತ್ತಿದ್ದ. ಸುಗ್ಗಿಯಲ್ಲಿ ಉಪ್ಪು ತೂಗುವಾಗ ಅದನ್ನೆಲ್ಲ ಮುರಿದುಕೊಳ್ಳುತ್ತಿದ್ದ. ಒಂದೇ ಬಿಸಿಲು, ಒಂದೇ ಉಪ್ಪುನೀರು. ಭಾವನ ಕಡೆ ಏನಾದರೂ ಉಳಿಯುತ್ತಿತ್ತು. ನಮ್ಮ ಕಡೆ ನಿಮ್ಮ ಚಿಕ್ಕ ಮಗನ ಕಾಲಿನ ಬಿರುಕು ಮಾತ್ರ ಉಳಿಯುತ್ತಿತ್ತು. ಎಲ್ಲರದೂ ಒಂದೇ ಒಲೆ, ಉಣ್ಣುವುದು ಒಟ್ಟಿಗೇ, ನಿಜ. ಆದರೆ ನಾನು ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ. ಭಾಭಿ ತನ್ನ ಮಗಳಿಗೆ ಹೊಸ ಲಂಗ ಹೊಲಿಸಿದರೆ, ಇದು ನಮ್ಮ ಇಂಜಿನ್ನು ಕುಡಿದ ದುಡ್ಡು ಎಂದು ಅನ್ನಿಸುತ್ತಿತ್ತು. ಅರ್ಥವಿಲ್ಲದ ಲೆಕ್ಕ. ಆದರೂ ಹಾಕುತ್ತಿದ್ದೆ. ನಾನು ಬಾಯಿ ಬಿಡದಿದ್ದರೂ ಅದು ನಿಮಗೆ ಗೊತ್ತಾಗಿತ್ತು ಎಂದು ಈಗ ತೋರುತ್ತದೆ. ಇಲ್ಲದಿದ್ದರೆ ನೀವು ಆ ಉಪಾಯಕ್ಕೆ ಒಪ್ಪುತ್ತಿರಲಿಲ್ಲ.

ಉಪಾಯ ಜಸುಬೆನ್‌ರದ್ದಲ್ಲ, ಅವರನ್ನು ದೂರುವುದಿಲ್ಲ. ಅವರು ಕಾಯ್ದೆ ಹೇಳಿದರು ಅಷ್ಟೆ. ಒಂದು ಕುಟುಂಬಕ್ಕೆ ಒಂದೇ ಸಬ್ಸಿಡಿ. ಕಿರಿಯ ಮಗ ಬೇರೆ ರೇಷನ್ ಕಾರ್ಡು ಮಾಡಿಸಿ, ಬೇರೆ ಒಲೆ ಹೂಡಿದ್ದರೆ ಅವನದು ಬೇರೆ ಕುಟುಂಬ. ಆಗ ಅವನಿಗೂ ಸಿಗುತ್ತದೆ. ಅಧಿಕಾರಿ ಬಂದು ಕಣ್ಣಾರೆ ನೋಡಿ ಬರೆದುಕೊಂಡು ಹೋಗುತ್ತಾರೆ. ಜಸುಬೆನ್ ಇದನ್ನು ಹೇಳಿ ಹೋದ ಸಂಜೆ ಎಲ್ಲರೂ ಒಲೆಯ ಸುತ್ತಲೇ ಇದ್ದೆವು. ನಮ್ಮವರಲ್ಲಿ ಅಪ್ಪ ಬದುಕಿರುವಾಗ ಒಲೆ ಎರಡಾಯಿತೆಂದರೆ ಆ ಮನೆಯ ಹೆಣ್ಣುಗಳ ಹೆಸರು ಕೆಟ್ಟಿತೆಂದೇ ಅರ್ಥ. ಭಾವ ನೆಲ ನೋಡುತ್ತಾ ಕೂತಿದ್ದರು. ನಿಮ್ಮ ಚಿಕ್ಕ ಮಗ ನನಗೆ ಪಂಪು ಬೇಡ ಎಂದು ಎದ್ದು ಹೋದರು. ನಾನು ಭಾಭಿಯ ಹಿಂದೆ ಕೂತು ಪಾತ್ರೆ ಉಜ್ಜುತ್ತಿದ್ದೆ. ಆಗಲೇ ಫಳಫಳ ಹೊಳೆಯುತ್ತಿದ್ದ ತಪ್ಪಲೆಯನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದೆ.

ಕೊನೆಗೆ ಮಾತಾಡಿದವರು ನೀವೇ. “ಕಾಗದಕ್ಕೆ ಹೊಟ್ಟೆ ಇದೆಯಾ? ಕಾಗದದಲ್ಲಿ ಬೇರೆ ಆದ್ರೆ ಯಾರು ಉಪವಾಸ ಬೀಳ್ತಾರೆ? ಈಗ ಸುಳ್ಳುಸುಳ್ಳೇ ಬೇರೆ ಆಗದಿದ್ರೆ ಈ ಡೀಸೆಲ್ಲು ನಾಳೆ ನಿಜವಾಗಿ ಬೇರೆ ಮಾಡುತ್ತೆ,” ಎಂದಿರಿ. ಆಮೇಲೆ ಆ ಒಲೆಯ ಕಟ್ಟಳೆಯನ್ನೂ ನೀವೇ ಹೇಳಿದಿರಿ. ಮಗ ನಿಜವಾಗಿ ಬೇರೆಯಾದರೆ ಹಿರಿಯ ಸೊಸೆ ಹಳೆಯ ಒಲೆಯ ಕೆಂಡವನ್ನು ಓಡಿನ ಚೂರಿನಲ್ಲಿ ತಂದು ಹೊಸ ಒಲೆಗೆ ಹಾಕಬೇಕು. ಮೊದಲ ರೊಟ್ಟಿಯನ್ನು ಅಪ್ಪ ತಿನ್ನಬೇಕು. ಇವೆರಡನ್ನೂ ಮಾಡುವುದು ಬೇಡ ಎಂದಿರಿ. “ಬೆಂಕಿಪೊಟ್ಟಣದಿಂದ ಹಚ್ಚಿ. ಕಡ್ಡಿ ಗೀರಿ ಹಚ್ಚಿದ್ದು ಒಲೆ ಅಲ್ಲ, ಚಹಾ ಅಂಗಡಿ.” ಎಲ್ಲರೂ ನಕ್ಕೆವು. ನಾನೂ ನಕ್ಕೆ. ಕೆಂಡ ಬರದ ಒಲೆ ಮನೆಯನ್ನು ಒಡೆಯುವುದಿಲ್ಲ ಎಂದು ನಾವೆಲ್ಲ ನಿಜವಾಗಿ ನಂಬಿದ್ದೆವು.

ಆಚೆ ಬಾವಿಯ ಹತ್ತಿರ ಗೋಣಿತಾಟು ಕಟ್ಟಿ ಗುಡಿಸಲು ಹಾಕಿದೆವು. ಒಲೆಯ ಮಣ್ಣನ್ನು ನಾನೇ ಮೆಟ್ಟಿದೆ. ಭಾಭಿ ಬಂದು ನೋಡಿ, “ಸುಳ್ಳು ಒಲೆಗೆ ಇಷ್ಟು ನುಣುಪು ಯಾಕೆ ಬಳೀತಿದೀಯ? ಸಾಹೇಬ್ರು ಇದರ ಮೇಲೆ ಮಲಗ್ತಾರಾ?” ಎಂದು ತಮಾಷೆ ಮಾಡಿದರು. ನನ್ನ ಕೈ ಬಳಿಯುತ್ತಲೇ ಇತ್ತು.

ಸಾಹೇಬರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಸಂಘದಿಂದ ಸುದ್ದಿ ಬರುತ್ತಿತ್ತು. ಅವರು ಬಂದಾಗ ಒಲೆ ತಣ್ಣಗಿರಬಾರದು, ಬೂದಿ ಇರಬೇಕು, ಹಿಟ್ಟಿನ ಡಬ್ಬಿ ಇರಬೇಕು. ಹಾಗಾಗಿ ನಾವಿಬ್ಬರೂ ಅಲ್ಲೇ ಅಡಿಗೆ ಮಾಡಿಕೊಂಡು ಅಲ್ಲೇ ಇರತೊಡಗಿದೆವು. ಅವರು ಬರಲಿಲ್ಲ. ಜೀಪು ಕೆಟ್ಟಿದೆ ಎಂದರು. ಆಮೇಲೆ ಚುನಾವಣೆ ಕೆಲಸ ಎಂದರು. ಬೇರೆ ಸಾಹೇಬರು ಬರಬೇಕು ಎಂದರು. ಚಳಿ ಶುರುವಾಯಿತು.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

ಬಾಪಾ, ನನಗೆ ಆ ಒಲೆ ಬಹಳ ಇಷ್ಟವಾಯಿತು. ಅಲ್ಲಿ ನಾನು ಸೆರಗು ಇಳಿಸಿ ಕೂರುತ್ತಿದ್ದೆ. ಗಾಳಿ ಕುತ್ತಿಗೆಗೆ ತಾಗುತ್ತಿತ್ತು. ಬೆಳ್ಳುಳ್ಳಿ ಎಷ್ಟು ಬೇಕೋ ಅಷ್ಟು ಹಾಕುತ್ತಿದ್ದೆ. ನಿಮ್ಮ ಮಗ ಒಲೆಯ ಎದುರಿಗೇ ಕೂತು, ನಾನು ತಟ್ಟಿದ ರೊಟ್ಟಿಯನ್ನು ಹೆಂಚಿನಿಂದಲೇ ಎತ್ತಿಕೊಂಡು ತಿನ್ನುತ್ತಿದ್ದರು. ಎಲ್ಲರ ನಡುವೆ ನಾವಿಬ್ಬರೂ ಅಷ್ಟು ಮಾತಾಡಿದ್ದೇ ಇಲ್ಲ. ಹಿರಿಯರ ಮುಂದೆ ಗಂಡನ ಕಡೆ ನೋಡಬಾರದು, ನಿಮಗೆ ಗೊತ್ತಲ್ಲ. ಸಾಹೇಬರು ತಡ ಮಾಡಲಿ ಎಂದು ನಾನು ಹರಸಿಕೊಳ್ಳುತ್ತಿದ್ದೆ. ಪಂಪು ಬರುವುದು ತಡವಾದರೂ ಚಿಂತೆಯಿಲ್ಲ, ಈ ಸುಳ್ಳು ಇನ್ನಷ್ಟು ದಿನ ಇರಲಿ ಎನ್ನಿಸುತ್ತಿತ್ತು. ಡೀಸೆಲ್ಲಿಗೆ ದುಡ್ಡು ಸುರಿದು ಸುರಿದು ಗಂಡ ಸವೆಯುತ್ತಿದ್ದಾನೆ, ಹೆಂಡತಿ ಹೀಗೆ ಹರಸಿಕೊಳ್ಳುತ್ತಿದ್ದಾಳೆ.

ಆ ದಿನಗಳಲ್ಲೆಲ್ಲ ನೀವು ನಮ್ಮ ಗುಡಿಸಲಿನ ಕಡೆ ಬರುತ್ತಿದ್ದಿರಿ. ಪಾತಿ ಮೆಟ್ಟುತ್ತಿದ್ದಿರಿ, ಬಾವಿ ನೋಡುತ್ತಿದ್ದಿರಿ. ಬಾಯಾರಿದರೂ ನೀರು ಮಾತ್ರ ಭಾವನ ಗುಡಿಸಲಿಗೇ ಹೋಗಿ ಕುಡಿಯುತ್ತಿದ್ದಿರಿ. ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾದದ್ದು ಸಾಹೇಬರು ಬಂದ ದಿನ.

ಅವರು ಚಿಕ್ಕ ವಯಸ್ಸಿನವರು. ಬೂಟಿಗೆ ಉಪ್ಪಿನ ಕೆಸರು ಹತ್ತಿ ಕಾಲೆತ್ತಲು ಒದ್ದಾಡುತ್ತಿದ್ದರು. ಒಲೆಯೊಳಗೆ ಬಗ್ಗಿ ನೋಡಿದರು, ಬೂದಿ ನೋಡಿದರು, ರೇಷನ್ ಕಾರ್ಡು ನೋಡಿದರು. ಸುತ್ತ ಅಕ್ಕಪಕ್ಕದ ಪಾತಿಯವರೆಲ್ಲ ಸೇರಿದ್ದರು. ಸಾಹೇಬರು ನಿಮ್ಮ ಕಡೆ ತಿರುಗಿ ಕೇಳಿದರು, “ಅಜ್ಜ, ನಿಜ ಹೇಳಿ. ನೀವು ಈ ಒಲೇಲಿ ಬೇಯಿಸಿದ್ದನ್ನೂ ಊಟ ಮಾಡ್ತೀರಾ?” ನಾನು ಗೋಣಿಯ ಹಿಂದೆ ನಿಂತಿದ್ದೆ. ನೀವು ಸುಳ್ಳು ಹೇಳುವವರಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ನೀವು ಪೇಟ ಸರಿಮಾಡಿಕೊಂಡಿರಿ. “ಇಲ್ಲ ಸಾಹೇಬ್ರೇ. ಅದು ಅವರ ಒಲೆ. ನಾನು ಅಲ್ಲಿ ಒಂದು ಹರಳು ಉಪ್ಪೂ ನಾಲಿಗೆಗೆ ಹಾಕಿಲ್ಲ.”

ಆಗ ತಿಳಿಯಿತು, ನೀವು ಅಷ್ಟು ದಿನ ಬಾಯಾರಿಕೊಂಡೇ ವಾಪಸು ಹೋಗುತ್ತಿದ್ದದ್ದು ಈ ಒಂದು ಮಾತು ನಿಜವಾಗಿರಲಿ ಎಂದು. ಮಗನಿಗೆ ಪಂಪು ಬರಬೇಕು, ನಾಲಿಗೆಯ ಮೇಲೆ ಸುಳ್ಳು ಬರಬಾರದು. ಅದಕ್ಕಾಗಿ ನೀವು ನಮ್ಮ ಮನೆಯ ನೀರನ್ನೂ ಮುಟ್ಟಲಿಲ್ಲ. ಸಾಹೇಬರು ಬರೆದುಕೊಂಡರು. ಆದರೆ ಆ ಮಾತನ್ನು ಇಡೀ ಬಯಲು ಕೇಳಿಸಿಕೊಂಡಿತ್ತು. ಜೀಪು ಹೋದ ಮೇಲೆ ಪಕ್ಕದ ಪಾತಿಯ ಹಮೀರಕಾಕಾ ನಿಮ್ಮ ಹೆಸರು ಹಿಡಿದು ಕೂಗಿದರು. ಆ ಹೆಸರನ್ನು ನಾನು ಬರೆಯುವಂತಿಲ್ಲ. “ಮಗನ್ನ ಕೊಟ್ಟು ಪಂಪು ತಗೊಂಡ್ಯಲ್ಲಪ್ಪ, ಒಳ್ಳೇ ವ್ಯಾಪಾರ. ನನ್ನ ಮಗನ್ನ ಮುರುಕು ಇಂಜಿನ್ನಿಗೂ ಯಾರೂ ಕೇಳಲ್ಲ.” ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆದರೆ ಆ ನಗುವಿಗೆ ಕೆಮ್ಮು ಬರಲಿಲ್ಲ.

ಪಂಪು ಬಂತು. ಪ್ಯಾನೆಲ್ಲುಗಳನ್ನು ನಿಲ್ಲಿಸುವಾಗ ಭಾವನೂ ಬಂದು ಕೈ ಕೊಟ್ಟರು. ಭಾಭಿ ಕಂಬಕ್ಕೆ ಕುಂಕುಮ ಹಚ್ಚಿ ಬೆಲ್ಲ ಹಂಚಿದರು. ಮಾರನೆಯ ದಿನ ಬಿಸಿಲೇರುತ್ತಿದ್ದಂತೆ ಬಾವಿಯ ನೀರು ತಾನಾಗಿ ಪಾತಿಗೆ ಹರಿಯಿತು. ನಿಮ್ಮ ಮಗ ಪೈಪಿನ ಬಾಯಿಗೆ ಕೈಯೊಡ್ಡಿ ಸುಮ್ಮನೆ ನಿಂತಿದ್ದರು.

ಅದೇ ಬೆಳಿಗ್ಗೆ ನೀವು ಬಂದಿರಿ.

ಅವರು ಪಾತಿಯ ಆ ತುದಿಯಲ್ಲಿದ್ದರು. ನಾನು ಒಬ್ಬಳೇ ಒಲೆಯ ಮುಂದೆ ಕೂತಿದ್ದೆ. ಹೆಂಚಿನಿಂದ ಇಳಿಸಿದ ಮೊದಲ ರೊಟ್ಟಿಗೆ ತುಪ್ಪ ಸವರಿಕೊಂಡು, ಗಂಡಸರು ಯಾರೂ ತಿನ್ನುವ ಮೊದಲೇ, ಬರಿತಲೆಯಲ್ಲಿ ಕೂತು ತಿನ್ನುತ್ತಿದ್ದೆ. ಹೊರಗೆ ಕೆಮ್ಮಿದಿರಿ. ನಾನು ಗಡಬಡಿಸಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದೆ. ಬಾಯಿಯ ತುಂಬ ರೊಟ್ಟಿ. ಅಗಿಯಲೂ ಆಗದು, ನುಂಗಲೂ ಆಗದು. ನೀವು ಮಡಕೆಯನ್ನು ಕರೆಯಲಿಲ್ಲ. ಅಲ್ಲಿ ಭಾಭಿಯೂ ಇರಲಿಲ್ಲ. ಮೊದಲ ಸಲ ನನ್ನನ್ನೇ ಸೊಸೆ ಎಂದು ಕರೆದಿರಿ.

“ವಹು ಬೇಟಾ, ಸಾಹೇಬ್ರು ಹೋದ್ರು, ಪಂಪೂ ಬಂತು. ಇನ್ನಾದ್ರೂ ಈ ಮುದುಕನಿಗೆ ಈ ಒಲೇದೊಂದು ಚಹಾ ಸಿಗುತ್ತಾ?”

ಬಾಪಾ, ಆ ಮಾತಿನ ಅರ್ಥ ನನಗೆ ಆಗಲೇ ಆಯಿತು. ನೀವು ಚಹಾ ಕೇಳಲಿಲ್ಲ. ಸುಳ್ಳಿಗಾಗಿ ಹೂಡಿದ್ದ ಒಲೆಯನ್ನು ನಿಮ್ಮ ಬಾಯಿಯಿಂದ ಮನೆಯ ಒಲೆಯನ್ನಾಗಿ ಮಾಡಲು ಬಂದಿದ್ದಿರಿ. ನೀವು ಒಂದು ಗುಟುಕು ಕುಡಿದಿದ್ದರೆ ಎರಡು ಗುಡಿಸಲೂ ಮತ್ತೆ ಒಂದಾಗುತ್ತಿದ್ದವು. ಎಲ್ಲ ಗೊತ್ತಿದ್ದೂ ನಾನು ಗೋಡೆ ನೋಡುತ್ತಾ ನಿಂತೆ.

ಮಾತಾಡಬಾರದಿತ್ತು, ಸರಿ. ಆದರೆ ಸೊಸೆಯಂದಿರಿಗೆ ಬೇರೆ ದಾರಿ ಇಲ್ಲವೇ? ಬಳೆ ಅಲ್ಲಾಡಿಸಬಹುದಿತ್ತು. ಸೌಟಿನಿಂದ ತಪ್ಪಲೆಗೆ ಒಮ್ಮೆ ಕುಟ್ಟಿದ್ದರೆ ಸಾಕಿತ್ತು, 'ಕೂತುಕೊಳ್ಳಿ' ಎಂದು ನಿಮಗೆ ತಿಳಿಯುತ್ತಿತ್ತು. ಸೌಟು ಕೈಗೆಟುಕುವಲ್ಲೇ ಇತ್ತು. ಕೈ ಏಳಲಿಲ್ಲ. ರೊಟ್ಟಿ ತುಂಬಿದ ಬಾಯಿಯಲ್ಲಿ ಸಿಕ್ಕಿಬಿದ್ದೆನಲ್ಲ ಎಂಬ ನಾಚಿಕೆ ಒಂದು ಕಡೆ. ಅದೊಂದೇ ಆಗಿದ್ದರೆ ನಿಮಗೆ ಈ ಕಾಗದ ಬರೆಯುತ್ತಿರಲಿಲ್ಲ. ಅದರ ಕೆಳಗೆ ಇನ್ನೊಂದಿತ್ತು. ಇವರು ಇವತ್ತು ಕೂತರೆ ನಾಳೆಯಿಂದ ಮತ್ತೆ ತಲೆ ತುಂಬ ಸೆರಗು, ಮತ್ತೆ ಕೊನೆಯ ರೊಟ್ಟಿ ನನ್ನದು, ಮತ್ತೆ ಈ ಒಲೆ ನನ್ನದಲ್ಲ ಎಂದು ಮನಸ್ಸು ಹೇಳಿತು. ಒಂದು ಕ್ಷಣ ಅಷ್ಟೆ. ಆ ಒಂದು ಕ್ಷಣ ನೀವು ಹೋದರೆ ಸಾಕು ಎನ್ನಿಸಿತು.

ನೀವು ಕಾದಿರಿ. ನೆಲದ ಮೇಲೆ ಕೋಲು ಊರಿದ ಸದ್ದು ಕೇಳಿತು. ಆಮೇಲೆ ನೀವೇ ನನಗೊಂದು ನೆಪ ಹುಡುಕಿ ಕೊಟ್ಟಿರಿ. “ಒಲೆ ಇನ್ನೂ ಹತ್ತಿಲ್ಲವೇನೋ. ಇರಲಿ ಇರಲಿ,” ಎಂದಿರಿ. ಹೊಗೆ ಗೋಣಿಯ ಸಂದಿನಿಂದ ನಿಮ್ಮ ತಲೆಯ ಮೇಲೆಯೇ ಹೋಗುತ್ತಿತ್ತು.

ನೀವು ಹೋದ ಮೇಲೆ ಬಾಯಲ್ಲಿದ್ದ ತುತ್ತನ್ನು ಉಗುಳಿದೆ.

ನೀವು ಇದನ್ನು ಯಾರಿಗೂ ಹೇಳಲಿಲ್ಲ. ಭಾವನಿಗಾಗಲಿ, ಭಾಭಿಗಾಗಲಿ. ಹೇಳಿದ್ದರೆ ಅವರು ನನ್ನನ್ನು ಬಯ್ಯುತ್ತಿದ್ದರು, ನಾನು ಅತ್ತು ಮುಗಿಸಿಬಿಡುತ್ತಿದ್ದೆ. ಕಣ್ಣು ಉರಿ ಎಂದು ಹೇಳಿ ಊರಿಗೆ ಹೊರಟಿರಿ. ಸಂಕ್ರಾಂತಿಗೆ ಗಾಳಿಪಟ ನೋಡಿಕೊಂಡು ವಾಪಸು ಬರುತ್ತೇನೆ ಎಂದಿರಿ, ಬರಲಿಲ್ಲ. ಭಾವ ಕರೆಯಲು ಬಂದರೆ, ಈಗ ಇಬ್ಬರಿಗೂ ಪಂಪಿದೆ, ನನ್ನ ಕೆಲಸ ಏನಿದೆ ಅಲ್ಲಿ ಎಂದು ನಕ್ಕುಬಿಟ್ಟಿರಂತೆ. ನಿಮ್ಮ ಚಿಕ್ಕ ಮಗ ಬಂದಾಗಲೂ ಕಣ್ಣಿನ ಮಾತೇ ಹೇಳಿದಿರಂತೆ. ಅವರು ವಾಪಸು ಬಂದ ಸಂಜೆ ಊಟ ಮಾಡದೆ ಮಲಗಿದರು. ಆ ಸಾಹೇಬರ ಮುಂದೆ ಅಪ್ಪನ ಕೈಯಲ್ಲಿ ಆ ಮಾತು ಹೇಳಿಸಿದ ಪಾಪ ತನ್ನದು, ಅದಕ್ಕೇ ಅಪ್ಪ ಬರುತ್ತಿಲ್ಲ ಎಂದುಕೊಂಡಿದ್ದಾರೆ. ಪ್ಯಾನೆಲ್ಲು ಒರೆಸುವುದನ್ನೂ ಬಿಟ್ಟಿದ್ದಾರೆ. ಧೂಳು ಕೂತು ನೀರು ಕಡಿಮೆ ಬರುತ್ತಿದೆ, ನಾನೇ ಒರೆಸುತ್ತೇನೆ. ನಿಜ ಏನು ಎಂದು ಅವರಿಗೆ ಹೇಳಲು ಇವತ್ತಿನವರೆಗೂ ನನಗೆ ಬಾಯಿ ಬಂದಿಲ್ಲ. ನನ್ನ ತಪ್ಪನ್ನು ಅವರು ಹೊತ್ತುಕೊಂಡು ಓಡಾಡುತ್ತಿದ್ದಾರೆ, ನಾನು ಎದುರಿಗೆ ಕೂತು ರೊಟ್ಟಿ ತಟ್ಟುತ್ತಿದ್ದೇನೆ.

ಕಂಕು ಭಾಭಿ ಮೊನ್ನೆ ನೀರಿನ ಟ್ಯಾಂಕರಿನ ಹತ್ತಿರ ಸಿಕ್ಕರು. ಕೊಡ ತುಂಬಿ ಹೊರಡುವಾಗ, “ಲಾಭು, ನಾನು ಕೆಂಡ ಕೊಡಲಿಲ್ಲ ಕಣೇ. ಆದ್ರೂ ಇದು ಹೇಗೆ ಹತ್ತಿಕೊಳ್ತು?” ಎಂದರು. ಬೈಗುಳ ಅಲ್ಲ. ನಿಜವಾಗಿಯೂ ಕೇಳಿದರು. ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ.

ಇಷ್ಟು ದಿನ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದದ್ದು ಒಂದೇ ಮಾತಿನಿಂದ. ಸಾಲ ತೀರುವವರೆಗೆ ಸಾಹೇಬರು ಮತ್ತೆ ಬಂದು ನೋಡಬಹುದು, ಒಲೆ ಬೇರೆ ಇಲ್ಲದಿದ್ದರೆ ಪಂಪು ಕಿತ್ತುಕೊಂಡು ಹೋಗಬಹುದು, ಆದ್ದರಿಂದ ನೀವು ಇಲ್ಲಿ ಕೂರದೆ ಹೋದದ್ದೇ ಒಳ್ಳೆಯದಾಯಿತು ಎಂದು. ಹೋದ ವಾರ ಜಸುಬೆನ್ ಬಂದಾಗ ಅದನ್ನೇ ಕೇಳಿಬಿಟ್ಟೆ. ಹೊರಗಿನವರ ಹತ್ತಿರ ನನ್ನ ದನಿ ಏಳುವುದಿಲ್ಲ, ನಿಮಗೆ ಗೊತ್ತಿಲ್ಲ, ಆದರೆ ಭಾಭಿಯನ್ನು ಕೇಳಿ. ಆದರೂ ಕೇಳಿದೆ. ಜಸುಬೆನ್ ಬಿದ್ದು ಬಿದ್ದು ನಕ್ಕರು. “ಹುಚ್ಚೀ, ಸರ್ಕಾರ ಒಲೆ ಎಣಿಸುತ್ತೆ, ಅದರ ಮುಂದೆ ಕೂತವರನ್ನ ಎಣಿಸುತ್ತಾ? ಸೊಸೆ ಮಾವನಿಗೆ ಚಹಾ ಕೊಡಬಾರದು ಅಂತ ಯಾವ ಕಾಯ್ದೇಲಿದೆ?” ಎಂದರು. ಅವರು ನಕ್ಕಷ್ಟೂ ನಾನು ಕುಗ್ಗಿದೆ. ಎರಡು ಒಲೆ ಇಟ್ಟುಕೊಂಡೂ ಒಂದು ಮನೆಯಾಗಿರಬಹುದಿತ್ತು. ಸಾಹೇಬರು ನಮ್ಮನ್ನು ಬೇರೆ ಮಾಡಲಿಲ್ಲ. ಸಬ್ಸಿಡಿಯೂ ಮಾಡಲಿಲ್ಲ. ಒಂದು ಸೌಟು ಕುಟ್ಟದೆ ನಾನು ಮಾಡಿದೆ.

ಬಾಪಾ, ಉಪ್ಪು ಕಟ್ಟಿದೆ. ಪಾತಿಯ ತಳದಲ್ಲಿ ಹರಳು ಬಲಿತು ಕಾಲಿಗೆ ಚುಚ್ಚುತ್ತಿದೆ. ಹೋಳಿ ಕಳೆಯುತ್ತಿದ್ದಂತೆ ಒಡೆಯಬೇಕು. ಮನೆಯ ಹಿರಿಯರು ಮೊದಲ ಗುದ್ದಲಿ ಹಾಕದೆ ನಮ್ಮಲ್ಲಿ ಯಾರೂ ಉಪ್ಪು ಒಡೆಯುವುದಿಲ್ಲ. ಭಾವ ತನ್ನ ಪಾತಿಗೆ ನಿಮ್ಮನ್ನು ಹೇಗಾದರೂ ಕರೆತರುತ್ತಾರೆ. ನಮ್ಮ ಪಾತಿಗೂ ಬನ್ನಿ ಎಂದು ಕೇಳುವ ಮುಖ ನಿಮ್ಮ ಚಿಕ್ಕ ಮಗನಿಗೆ ಇಲ್ಲ. ನನಗಂತೂ ಮೊದಲೇ ಇಲ್ಲ. ಆದರೂ ಕೇಳುತ್ತಿದ್ದೇನೆ. ಇದು ಬಿಸಿಲೇ ನೀರೆತ್ತಿದ ನಮ್ಮ ಮೊದಲ ಉಪ್ಪು. ಸಾಹೇಬರ ಮುಂದೆ ನೀವು ಮಾತು ಕೊಟ್ಟು ತಂದ ಪಂಪಿನ ಉಪ್ಪು. ಬೇರೆ ಯಾರ ಕೈಯಿಂದಲೂ ಇದನ್ನು ಒಡೆಸಲು ನನಗೆ ಮನಸ್ಸಿಲ್ಲ. ನೀವು ಬರದಿದ್ದರೆ ಅದು ಪಾತಿಯಲ್ಲೇ ಇರಲಿ.

ಬಂದರೆ ಕ್ಷಮಿಸಿದಂತೆ ಎಂದು ನಾನು ತಿಳಿಯುವುದಿಲ್ಲ. ಬಂದು ನಮ್ಮ ಗುಡಿಸಲಿಗೆ ಬೆನ್ನು ಹಾಕಿ ಕೂತರೂ ಸರಿ. ಭಾಭಿ ನಿಮ್ಮ ಜೊತೆ ಮಾತಾಡುವ ಹಾಗೆ ನಾನೂ ಮಾತಾಡಬಹುದು ಎಂದು ನೀವೊಮ್ಮೆ ಹೇಳಿದರೆ ಅದು ನಿಮ್ಮ ದೊಡ್ಡತನ. ಹೇಳದಿದ್ದರೆ ಸೌಟು ಇದೆ, ಬಳೆ ಇದೆ.

ನಿನ್ನೆ ರಾತ್ರಿ ಇಷ್ಟು ಬರೆದು ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ಆದದ್ದನ್ನೂ ಹೇಳಿಬಿಡುತ್ತೇನೆ. ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಿದ್ದೆ. ನಿಮ್ಮ ಮಗ ಆಗಲೇ ಪಾತಿಗೆ ಹೋಗಿದ್ದರು. ಈ ಕಾಗದ ತಲುಪಿ ನೀವು ನಿಜವಾಗಿ ಬಂದು ಬಾಗಿಲಲ್ಲಿ ನಿಂತರೆ ನನ್ನ ಗಂಟಲಿನಿಂದ ದನಿ ಹೊರಡುತ್ತದೋ ಇಲ್ಲವೋ ಎಂದು ಹೆದರಿಕೆಯಾಯಿತು. ಬಾಗಿಲ ಕಡೆ ತಿರುಗಿ ನಿಂತು, ಯಾರೂ ಇಲ್ಲದ ಬಯಲಿಗೆ, “ಬನ್ನಿ ಬಾಪಾ, ಕೂತ್ಕೊಳ್ಳಿ,” ಎಂದೆ. ಎಷ್ಟು ಜೋರಾಗಿ ಬಂತೆಂದರೆ ನಾನೇ ಬೆಚ್ಚಿದೆ. ಇಂಜಿನ್ನು ಇದ್ದ ಕಾಲವಾಗಿದ್ದರೆ ಅದು ಯಾರಿಗೂ ಕೇಳುತ್ತಿರಲಿಲ್ಲ. ನಿಮ್ಮ ಮಗನಿಗೆ ಕೇಳಿತು. ಕುಂಟೆಯನ್ನು ಅಲ್ಲೇ ಬಿಸಾಕಿ, ಕೆಸರು ಕಾಲಿನಲ್ಲೇ ಓಡಿ ಬಂದು, ಗುಡಿಸಲಿನ ಒಳಗೆ, ಆಮೇಲೆ ಹಿಂದಕ್ಕೆ, ಆಮೇಲೆ ಊರಿನ ದಾರಿಯ ಕಡೆ ನೋಡಿ, “ಎಲ್ಲಿ? ಬಾಪಾ ಎಲ್ಲಿ?” ಎಂದು ಕೇಳಿದರು. ನಾನು ಬಸಿಯಲ್ಲಿ ಚಹಾ ಹಾಕಿ ಅವರ ಮುಂದಿಟ್ಟೆ. ಅವರು ಕುಡಿಯುತ್ತಿರುವಾಗ ಎಲ್ಲವನ್ನೂ ಹೇಳಿದೆ.

ನಿಮ್ಮ ಕಣ್ಣು ತಂಪಾಗಿರಲಿ. ದಾರಿಯಲ್ಲಿ ಕಪ್ಪು ಕನ್ನಡಕ ತೆಗೆಯಬೇಡಿ, ಬಯಲಿನ ಬೆಳಕು ಈಗ ಬಹಳ ಜೋರು. ದೂರದಿಂದಲೇ ನಿಮ್ಮ ಪಾದಕ್ಕೆ ಹಣೆ ಮುಟ್ಟಿಸುತ್ತೇನೆ.

ನಿಮ್ಮ ಮನೆಯವಳೇ ಆದ,
ಲಾಭು